ಅಸಿಟೋನಿನಿಂದ ಶ್ವೇತಭವನದ ಬಾಗಿಲವರೆಗೆ

ಫಸ್ಟ್ ಇಯರ್ ಕೆಮಿಸ್ಟ್ರಿ ಸೈಕಲ್‌ನಲ್ಲಿ ನಾವೆಲ್ಲ ಅಸಿಟೋನ್ ಬಾಟಲಿ ಮುಟ್ಟಿದವರೇ. ಗಾಜಿನ ಸಾಮಾನು ಬೇಗ ಒಣಗಲಿ ಅಂತ ಸುರಿಯೋದು, ಮೂಗಿಗೆ ಘಾಟು ಹೊಡೆಸಿಕೊಳ್ಳೋದು, ಅಲ್ಲಿಗೆ ನಮ್ಮ ಸಂಬಂಧ ಮುಗೀತು. ಆದರೆ ಇದೇ ಅಸಿಟೋನ್ ಒಬ್ಬ ಕೆಮಿಸ್ಟನ್ನು ಒಂದು ದೇಶದ ಮೊದಲ ಅಧ್ಯಕ್ಷನನ್ನಾಗಿ ಮಾಡಿತು ಅಂತ ಒಂದು ಕಥೆ ಇದೆ. ಕಥೆ ಅರ್ಧ ನಿಜ. ಉಳಿದರ್ಧ ಇನ್ನೂ ಸ್ವಾರಸ್ಯವಾಗಿದೆ.

ಖೈಮ್ ವೈಜ್‌ಮನ್ ಹುಟ್ಟಿದ್ದು 1874ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಮೋಟಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಮರದ ವ್ಯಾಪಾರಿ. ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಇಷ್ಟೇ ಸೀಟು ಅಂತ ಮಿತಿ ಇತ್ತು. ಹಾಗಾಗಿ ಅವರು ಓದಲು ಜರ್ಮನಿಗೆ ಹೋದರು. 1899ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಡಾಕ್ಟರೇಟ್ ಪಡೆದು, 1904ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೇರಿದರು. ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ಒಂದು ನೆಲೆ ಬೇಕು ಎನ್ನುವ ಜಿಯೋನಿಸ್ಟ್ ಚಳವಳಿಗೆ ಆಗಲೇ ಸೇರಿಯಾಗಿತ್ತು. ಹಗಲು ಲ್ಯಾಬ್, ಉಳಿದ ಹೊತ್ತು ಚಳವಳಿ.

ಮೊದಲ ಮಹಾಯುದ್ಧ ಬಂತು. ಬ್ರಿಟಿಷರ ಗುಂಡುಗಳಿಗೆ ಬೇಕಾದ ಕಾರ್ಡೈಟ್ ತಯಾರಿಸಲು ಅಸಿಟೋನ್ ಬೇಕು. ಅದು ಮರ ಸುಟ್ಟು ಬಟ್ಟಿ ಇಳಿಸಿ ಬರುತ್ತಿತ್ತು, ಸಾಲುತ್ತಿರಲಿಲ್ಲ. ವೈಜ್‌ಮನ್ ಹತ್ತಿರ ಒಂದು ಬ್ಯಾಕ್ಟೀರಿಯಾ ಇತ್ತು. ಮೆಕ್ಕೆಜೋಳದ ಪಿಷ್ಟ ಕೊಟ್ಟರೆ ಅದು ಹುದುಗಿಸಿ ಅಸಿಟೋನ್, ಬ್ಯೂಟನಾಲ್, ಎಥನಾಲ್ ಮೂರನ್ನೂ ಕೊಡುತ್ತಿತ್ತು. ಲ್ಯಾಬಿನ ಫ್ಲಾಸ್ಕಿನಿಂದ ಕಾರ್ಖಾನೆಯ ಟ್ಯಾಂಕಿಗೆ ಅದನ್ನು ದೊಡ್ಡದು ಮಾಡಿದರು. 1917ರಲ್ಲಿ ಜೋಳಕ್ಕೂ ತತ್ವಾರ ಬಂದಾಗ ಶಾಲಾ ಮಕ್ಕಳ ಕೈಲಿ ಹಾರ್ಸ್ ಚೆಸ್ಟ್‌ನಟ್ ಕಾಯಿ ಆರಿಸಿ ತರಿಸಿದ್ದೂ ಉಂಟು.

ಅದೇ ವರ್ಷ ನವೆಂಬರ್ 2ರಂದು ಬಾಲ್ಫರ್ ಘೋಷಣೆ ಹೊರಬಿತ್ತು: ಪ್ಯಾಲೆಸ್ತೀನಿನಲ್ಲಿ ಯಹೂದಿ ರಾಷ್ಟ್ರೀಯ ನೆಲೆಗೆ ಬ್ರಿಟನ್ನಿನ ಬೆಂಬಲ. ಇದು ಅಸಿಟೋನಿಗೆ ಕೊಟ್ಟ ಬಹುಮಾನ ಎಂಬಂತೆ ಪ್ರಧಾನಿ ಲಾಯ್ಡ್ ಜಾರ್ಜ್ ಆಮೇಲೆ ಬರೆದರು. ವೈಜ್‌ಮನ್ ಇದನ್ನು ಒಪ್ಪಲಿಲ್ಲ. ಅಸಿಟೋನ್ ಬಾಗಿಲು ತೆರೆಸಿತು, ಅಷ್ಟೇ. ಒಳಗೆ ಹೋಗಿ ವರ್ಷಗಟ್ಟಲೆ ಮಾತಾಡಿದ್ದು ಅವರು. ಅಮೆರಿಕದ ಯಹೂದಿಗಳ ಒಲವು ಯುದ್ಧದಲ್ಲಿ ತಮ್ಮ ಕಡೆ ಇರಲಿ ಎನ್ನುವುದು ಬ್ರಿಟಿಷರ ಲೆಕ್ಕ. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್ ಅಧ್ಯಕ್ಷ ವಿಲ್ಸನ್‌ಗೆ ಹತ್ತಿರದವರು. ಅವರ ಮೂಲಕವೂ ಪ್ರಯತ್ನ ನಡೆದು, ವಿಲ್ಸನ್ ಒಪ್ಪಿಗೆ ಮೊದಲೇ ಸಿಕ್ಕಿತ್ತು.

ಮೂವತ್ತು ವರ್ಷ ಕಳೆಯಿತು. ಹಿಟ್ಲರ್ ಆಳ್ವಿಕೆಯಲ್ಲಿ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಯಿತು. ಬ್ರಿಟಿಷ್ ವಾಯುಪಡೆಯಲ್ಲಿದ್ದ ವೈಜ್‌ಮನ್ ಮಗ 1942ರಲ್ಲಿ ವಿಮಾನದ ಜೊತೆ ಕಾಣೆಯಾದ. ಯುದ್ಧ ಮುಗಿಯುವಷ್ಟರಲ್ಲಿ ಅಧಿಕಾರದ ಕೇಂದ್ರ ಲಂಡನ್‌ನಿಂದ ವಾಷಿಂಗ್ಟನ್‌ಗೆ ಹೋಗಿತ್ತು. ಕಣ್ಣು ಮಂಜಾದ ಮುದುಕ ಅಲ್ಲಿಗೂ ಹೋದರು.

1947ರ ನವೆಂಬರ್ 19ರಂದು ಅಧ್ಯಕ್ಷ ಟ್ರೂಮನ್ ಎದುರು ಕೂತು, ನೆಗೆವ್ ಮರುಭೂಮಿ ಯಹೂದಿ ಭಾಗದಲ್ಲೇ ಇರಬೇಕು ಅಂತ ವಾದಿಸಿದರು. ಟ್ರೂಮನ್ ಒಪ್ಪಿದರು. ಹತ್ತು ದಿನ ಬಿಟ್ಟು ವಿಶ್ವಸಂಸ್ಥೆ ವಿಭಜನೆಗೆ 33–13 ಮತಗಳಿಂದ ಒಪ್ಪಿತು. ಭಾರತ ವಿರೋಧವಾಗಿ ಮತ ಹಾಕಿತು.

ಆದರೆ ಅಮೆರಿಕದ ವಿದೇಶಾಂಗ ಇಲಾಖೆಗೆ ವಿಭಜನೆ ಬೇಡವಾಗಿತ್ತು. ಅರಬ್ ದೇಶಗಳ ಸ್ನೇಹ, ತೈಲ, ಯುದ್ಧದ ಭಯ ಅವರ ಕಾರಣಗಳು. ಇತ್ತ ಜಿಯೋನಿಸ್ಟ್ ಸಂಘಟನೆಗಳ ಒತ್ತಡಕ್ಕೆ ಟ್ರೂಮನ್ ಎಷ್ಟು ರೇಗಿದ್ದರೆಂದರೆ ಯಾರನ್ನೂ ನೋಡಲ್ಲ ಅಂತ ಕೂತರು. ಆಗ ನೆರವಾದದ್ದು ಎಡ್ಡಿ ಜೇಕಬ್‌ಸನ್. ಟ್ರೂಮನ್ ಜೊತೆ ಸೈನ್ಯದಲ್ಲಿದ್ದು, ಕ್ಯಾನ್ಸಸ್ ಸಿಟಿಯಲ್ಲಿ ಪಾಲುದಾರಿಕೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಲಾಸ್ ಆದ ಗೆಳೆಯ. ಅವರ ಮಾತಿಗೆ ಟ್ರೂಮನ್ ಮೆತ್ತಗಾದರು. 1948ರ ಮಾರ್ಚ್ 18ರಂದು ವೈಜ್‌ಮನ್ ಗುಟ್ಟಾಗಿ ಶ್ವೇತಭವನದೊಳಗೆ ಹೋದರು. ಮರುದಿನವೇ, ಇದೇನೂ ಗೊತ್ತಿಲ್ಲದ ಅಮೆರಿಕದ ಪ್ರತಿನಿಧಿ ವಿಶ್ವಸಂಸ್ಥೆಯಲ್ಲಿ ವಿಭಜನೆಯಿಂದ ಹಿಂದೆ ಸರಿಯುವ ಮಾತಾಡಿದರು! ಟ್ರೂಮನ್‌ಗೆ ಮುಜುಗರ. ವೈಜ್‌ಮನ್ ಮಾತ್ರ ಹೊರಗೆ ಒಂದು ಮಾತೂ ಆಡಲಿಲ್ಲ. ಮೇ 14ರಂದು ಇಸ್ರೇಲ್ ಹುಟ್ಟಿದ 11 ನಿಮಿಷಕ್ಕೆ ಅಮೆರಿಕದ ಮಾನ್ಯತೆ ಬಂತು. ಚುನಾವಣೆಯ ವರ್ಷ, ನಿರಾಶ್ರಿತರ ಮೇಲಿನ ಕನಿಕರ, ಸೋವಿಯತ್ ಪೈಪೋಟಿ, ಹಳೆ ಗೆಳೆತನ: ಯಾವುದರ ಪಾಲು ಎಷ್ಟು ಅಂತ ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ.

ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. 1947ರಲ್ಲಿ ಪ್ಯಾಲೆಸ್ತೀನಿನ ಜನರಲ್ಲಿ ಮೂರರಲ್ಲಿ ಎರಡು ಪಾಲು ಅರಬರು. ಟ್ರೂಮನ್ ಬಾಗಿಲು ತಟ್ಟಲು ಅವರಿಗೆ ಬಟ್ಟೆ ಅಂಗಡಿಯ ಗೆಳೆಯ ಇರಲಿಲ್ಲ. ಆ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ವೈಜ್‌ಮನ್ ಕೆಲಸವನ್ನು ಮೆಚ್ಚುವಾಗ ಈ ಲೆಕ್ಕ ಬಿಟ್ಟರೆ ಅದು ಅರ್ಧ ರೀಡಿಂಗ್ ಬರೆದ ರೆಕಾರ್ಡ್ ಪುಸ್ತಕ ಆಗುತ್ತೆ.

1949ರಲ್ಲಿ ವೈಜ್‌ಮನ್ ಇಸ್ರೇಲಿನ ಮೊದಲ ಅಧ್ಯಕ್ಷರಾದರು. ಆದರೆ ನಿಜವಾದ ಅಧಿಕಾರವೆಲ್ಲ ಪ್ರಧಾನಿ ಬೆನ್ ಗುರಿಯನ್ ಕೈಲಿ. 1952ರ ನವೆಂಬರ್ 9ರಂದು ರೆಹೊವೊತ್‌ನಲ್ಲಿ ತೀರಿಕೊಂಡರು. ಅವರು ಅಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ಮುಂದಿನ ಸಲ ಲ್ಯಾಬ್‌ನಲ್ಲಿ ಅಸಿಟೋನ್ ಘಾಟು ಬಂದಾಗ ಇವರು ನೆನಪಾಗಲಿ. ಬಾಗಿಲ ಹೊರಗೇ ಉಳಿದವರೂ ನೆನಪಾಗಲಿ.