ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ (ಜೂನ್ 20, 1869 – ಸೆಪ್ಟೆಂಬರ್ 26, 1956) ಕಬ್ಬಿಣದ ನೇಗಿಲಿನ ತಯಾರಿಕೆಯಿಂದ ಹೆಸರಾದ ಉದ್ಯಮಿ ಹಾಗೂ ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರು. ಈ ಸಮೂಹದ ಮೂಲ ಬೆಳಗಾವಿಯ ಒಂದು ಸೈಕಲ್ ಅಂಗಡಿ. ಅಲ್ಲಿ ಸೈಕಲ್ ಮಾರುವುದರ ಜೊತೆಗೆ, ಶುಲ್ಕ ಪಡೆದು ಸವಾರಿಯನ್ನೂ ಕಲಿಸಲಾಗುತ್ತಿತ್ತು.

ಬಾಲ್ಯ ಮತ್ತು ಶಿಕ್ಷಣ

ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಆದ್ಯರಲ್ಲಿ ಒಬ್ಬರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ತಂದೆ ಕಾಶೀನಾಥಪಂತರು ವೇದಾಂತ ಬಲ್ಲವರು. ಮಗನಿಗೆ ಶಾಲೆಯ ಪಾಠಕ್ಕಿಂತ ಚಿತ್ರ ಬಿಡಿಸುವುದರಲ್ಲಿ, ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿ ಆಸಕ್ತಿ. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ಆದರೂ ಹಿರಿಯಣ್ಣ ರಾಮಚಂದ್ರರಾಯರ (ರಾಮೂಅಣ್ಣ) ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳ ಬಳಿಕ ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ತಿಳಿದುಬಂದಿತು. ಚಿತ್ರಕಾರನಾಗುವ ಆಸೆ ಅಲ್ಲಿಗೇ ಮುಗಿಯಿತು. ಬಣ್ಣದ ಹಂಗಿಲ್ಲದ ಯಂತ್ರರೇಖಾಚಿತ್ರದ ಕಡೆಗೆ ತಿರುಗಿದ ಅವರು, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ತಿಂಗಳಿಗೆ 50 ರೂಪಾಯಿ ಸಂಬಳದ ಸಹಾಯಕ ಶಿಕ್ಷಕರಾದರು.

ಸೈಕಲ್ ಅಂಗಡಿ ಮತ್ತು ಸವಾರಿಯ ಶಿಕ್ಷಣ

ಮುಂಬಯಿಯ ಬೀದಿಯಲ್ಲಿ ಸೈಕಲ್ ಸವಾರನೊಬ್ಬನನ್ನು ಕಂಡು ಲಕ್ಷ್ಮಣರಾಯರು ತಾವೂ ಒಂದನ್ನು ಕೊಂಡು ಕಲಿತರು. 1888ರಲ್ಲಿ ರಾಮೂಅಣ್ಣನವರೊಡನೆ ಬೆಳಗಾವಿಯಲ್ಲಿ 'ಕಿರ್ಲೋಸ್ಕರ್ ಬ್ರದರ್ಸ್' ಎಂಬ ಹೆಸರಿನಲ್ಲಿ ಅಂಗಡಿ ತೆರೆಯಲಾಯಿತು. ತಮ್ಮ ಮುಂಬಯಿಯಿಂದ ಸೈಕಲ್ಲುಗಳನ್ನು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು, ಇದು ಅವರ ಏರ್ಪಾಡು. ಬೆಲೆ 700ರಿಂದ 1000 ರೂಪಾಯಿ. ಎಂದರೆ ಲಕ್ಷ್ಮಣರಾಯರ ಹದಿನಾಲ್ಕರಿಂದ ಇಪ್ಪತ್ತು ತಿಂಗಳ ಸಂಬಳ. ಕಲಿಸುವುದಕ್ಕೆ 15 ರೂಪಾಯಿ.

ಆ ಶುಲ್ಕ ಇಂದಿನವರಿಗೆ ಅತಿಯೆನಿಸಬಹುದು. ಆದರೆ ಆ ಕಾಲದ ಸೈಕಲ್ ಇಂದಿನದಲ್ಲ. ಪೆಡಲು ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ತಾನಾಗಿ ಉರುಳುವ 'ಫ್ರೀವೀಲ್' ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಳಕೆಗೆ ಬಂದಿರಲಿಲ್ಲ. ಹಿಂದಿನ ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತಿತ್ತು. ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟರೆ ಪೆಡಲು ಕಾಲನ್ನೇ ಎತ್ತಿ ಒಗೆಯುತ್ತಿತ್ತು. ವೇಗ ತಗ್ಗಿಸಲು ಸವಾರನು ಮೇಲೇರುವ ಪೆಡಲನ್ನು ಹದವಾಗಿ ಅದುಮಿ ತಡೆಯಬೇಕು. ಒಮ್ಮೆಲೇ ತಡೆದರೆ ಗಾಲಿ ಜಾರುತ್ತದೆ, ತಡೆಯದಿದ್ದರೆ ಸೈಕಲ್ ಕೈಮೀರುತ್ತದೆ. ಮೋಟಾರು ಚಾಲಕನು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ಬಿಗಿಯಿಂದ ವೇಗ ಇಳಿಸುವುದೂ ಇದೇ ತತ್ತ್ವ. ಇಲ್ಲಿ ಎಂಜಿನ್ನಿನ ಕೆಲಸ ಕಾಲಿನದು. ಹೀಗಾಗಿ ಹತ್ತುವುದನ್ನು ಕಲಿಯುವುದಕ್ಕಿಂತ ನಿಧಾನವಾಗಿ ನಿಲ್ಲಿಸಿ ಇಳಿಯುವುದನ್ನು ಕಲಿಯುವುದೇ ಕಷ್ಟವಾಗಿತ್ತು.

ಸುಮಾರು ಹತ್ತು ವರ್ಷಗಳ ಸೇವೆಯ ನಂತರ ಲಕ್ಷ್ಮಣರಾಯರಿಗೆ ಸಿಗಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾಯಿತು. ಅವರು ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಅಲ್ಲಿನ ಒಂದು ರಸ್ತೆಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಹೆಸರು.

ಕಬ್ಬಿಣದ ನೇಗಿಲು

ಅಂಗಡಿಯ ಜೊತೆಗೆ ಸಣ್ಣ ಕಾರ್ಖಾನೆಯೊಂದನ್ನು ಹಾಕಿ ಮೊದಲು ಮೇವು ಕತ್ತರಿಸುವ ಯಂತ್ರವನ್ನೂ ಅನಂತರ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಮರದ ನೇಗಿಲು ಮಣ್ಣನ್ನು ಗೀರುತ್ತದೆ. ಕಬ್ಬಿಣದ ನೇಗಿಲು ಆಳಕ್ಕೆ ಇಳಿದು ಹೆಂಟೆಯನ್ನು ಮಗುಚಿ ಹಾಕುತ್ತದೆ. ಕರಿಮಣ್ಣಿನ ಸೀಮೆಯಲ್ಲಿ ಕಳೆಯ ಬೇರು ಕೀಳಲು ಇದು ಬಹಳ ಉಪಯುಕ್ತ. ರೈತರು ಮಾತ್ರ ಹತ್ತಿರ ಸೇರಿಸಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ರೈತರನ್ನು ಮೂಢರೆಂದು ಹಳಿಯುವುದು ಸುಲಭ; ಆದರೆ ಒಂದು ಬೆಳೆ ಕೆಟ್ಟರೆ ವರ್ಷದ ಅನ್ನವೇ ಹೋಗುವವರು ಹೊಸದಕ್ಕೆ ಹಿಂಜರಿದುದರಲ್ಲಿ ಅಚ್ಚರಿಯಿಲ್ಲ.

ನೇಗಿಲಿಗೆ ಬೇಡಿಕೆ ಕುದುರುವ ಹೊತ್ತಿಗೆ, ಊರನ್ನು ವಿಸ್ತರಿಸುವ ಸಲುವಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ನಗರಸಭೆ ಆದೇಶಿಸಿತು.

ಕಿರ್ಲೋಸ್ಕರವಾಡಿ

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತಪ್ರತಿನಿಧಿ. ಅವರು 10,000 ರೂಪಾಯಿ ಸಾಲವನ್ನೂ, ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ ಕೊಟ್ಟರು. ಅದು ಪಾಪಾಸುಕಳ್ಳಿ ಬೆಳೆದ, ನಾಗರಹಾವುಗಳ ನೆಲ. ಬೆಳಗಾವಿಯಿಂದ ಘಟಪ್ರಭಾ, ಮಿರಜ್ ಮಾರ್ಗವಾಗಿ ಪುಣೆಗೆ ಹೋಗುವ ರೈಲುದಾರಿಯಲ್ಲಿ ಈ ನಿಲ್ದಾಣಕ್ಕೆ ಈಗ ಕಿರ್ಲೋಸ್ಕರವಾಡಿ ಎಂದು ಹೆಸರು. 1910ರಲ್ಲಿ ಇಲ್ಲಿ ಕಾರ್ಖಾನೆಯೂ ಕೆಲಸಗಾರರ ಊರೂ ಒಟ್ಟಿಗೆ ಎದ್ದವು. ಊರಿನ ಆಡಳಿತ ರಾಮೂಅಣ್ಣನವರದಾದರೆ ಯಂತ್ರಗಳ ಹೊಣೆ ಶಂಭೋರಾವ್ ಜಾಂಭೇಕರರದು. ಅಸ್ಪೃಶ್ಯತೆಯ ಆಚರಣೆಗೆ ಅಲ್ಲಿ ಅವಕಾಶವಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರನ್ನು ರಾತ್ರಿ ಕಾವಲಿಗೆ ನೇಮಿಸಿದ್ದು ಅಂದಿನವರಿಗೆ ವಿಚಿತ್ರವಾಗಿ ಕಂಡಿತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೀಡುಕಬ್ಬಿಣದ ಅಭಾವ ಉಂಟಾದಾಗ ಕೊಲ್ಲಾಪುರದ ಶಾಹೂ ಮಹಾರಾಜರು ಹಳೆಯ ಫಿರಂಗಿಗಳನ್ನು ಕರಗಿಸಲು ನೀಡಿದರು, ಅವು ನೇಗಿಲುಗಳಾದವು. 1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. 1926ರಿಂದ ನೀರೆತ್ತುವ ಪಂಪುಗಳ ತಯಾರಿಕೆ ಆರಂಭವಾಯಿತು.

ಕೊನೆಯ ವರ್ಷಗಳು

ಪತ್ನಿ ರಾಧಾಬಾಯಿ. ಅಮೆರಿಕದ ಎಂ.ಐ.ಟಿ.ಯಲ್ಲಿ ಕಲಿತು ಬಂದ ಮಗ ಶಂತನುರಾವ್ ಉದ್ಯಮವನ್ನು ಬೆಳೆಸಿದರು. 1941ರಲ್ಲಿ ಹರಿಹರದಲ್ಲಿ ಲೇತುಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾದವು. ಲಕ್ಷ್ಮಣರಾಯರು 1956ರಲ್ಲಿ ನಿಧನರಾದರು. ಜನ್ಮಶತಮಾನೋತ್ಸವದ ಅಂಗವಾಗಿ ಭಾರತೀಯ ಅಂಚೆ ಇಲಾಖೆ 1969ರ ಜೂನ್ 20ರಂದು ಅವರ ಸ್ಮರಣೆಯಲ್ಲಿ ಅಂಚೆಚೀಟಿಯನ್ನು ಹೊರತಂದಿತು.