ಮಹಾದಾಸೋಹಿ ಶ್ರೀ ಶರಣಬಸವೇಶ್ವರರು (1746–1822)

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಣಬೇಸಾಯದ ಪ್ರದೇಶಗಳಾಗಿವೆ. ಇದೇ ಸೀಮೆಯಲ್ಲಿ ಹುಟ್ಟಿ, ನೇಗಿಲು ಹಿಡಿದು ದುಡಿದು, ಬೆಳೆದ ಧಾನ್ಯವನ್ನು ಹಸಿದವರಿಗೆ ಉಣಬಡಿಸಿದ ಮಹಾನುಭಾವರು ಶ್ರೀ ಶರಣಬಸವೇಶ್ವರರು. ಜನತೆ ಅವರನ್ನು ಮಹಾದಾಸೋಹಿ ಎಂದು ಕರೆದು ಗೌರವಿಸುತ್ತ ಬಂದಿದೆ. ಅವರ ದಾಸೋಹದ ಹಿರಿಮೆಯನ್ನು ಅರಿಯಬೇಕಾದರೆ ಮೊದಲು ಅವರು ಬೇಸಾಯ ಮಾಡಿದ ನೆಲವನ್ನೂ ಅಲ್ಲಿನ ಹವೆಯನ್ನೂ ಅರಿಯಬೇಕಾಗುತ್ತದೆ.

ಜನನ ಮತ್ತು ಹಿನ್ನೆಲೆ

ಶರಣಬಸವೇಶ್ವರರು 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿ ಗ್ರಾಮದ ಒಕ್ಕಲುತನದ ಮನೆತನದಲ್ಲಿ ಜನಿಸಿದರು. ಆಗ ಈ ಪ್ರದೇಶವು ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಒಳಪಟ್ಟಿತ್ತು. ಕಲಕೇರಿಯ ಮರುಳಾರಾಧ್ಯರು ಅವರ ಗುರುಗಳು. ಹನ್ನೆರಡನೆಯ ಶತಮಾನದ ಶರಣರು ಬೋಧಿಸಿದ ಕಾಯಕ ಮತ್ತು ದಾಸೋಹ ತತ್ವಗಳನ್ನು ಅವರು ತಮ್ಮ ಬಾಳಿನಲ್ಲಿ ಅಳವಡಿಸಿಕೊಂಡರು. ಹೊಲದ ದುಡಿಮೆಯೇ ಅವರ ಕಾಯಕವಾಗಿತ್ತು. ಆ ದುಡಿಮೆಯ ಫಲವನ್ನು ಹಂಚುವುದೇ ಅವರ ದಾಸೋಹವಾಗಿತ್ತು.

ನೆಲ ಮತ್ತು ಹವೆ

ಭೀಮಾ ನದಿಯ ಆಸುಪಾಸಿನ ಈ ಭಾಗವು ಮರುಭೂಮಿಯಲ್ಲವಾದರೂ ಅರೆಶುಷ್ಕ ವಲಯಕ್ಕೆ ಸೇರಿದೆ. ವಾಡಿಕೆಯ ವಾರ್ಷಿಕ ಮಳೆ ಸುಮಾರು 700ರಿಂದ 800 ಮಿ.ಮೀ. ಇದ್ದು, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಆದರೆ ಮಳೆಯ ಒಟ್ಟು ಮೊತ್ತಕ್ಕಿಂತ ಅದು ಬೀಳುವ ಹೊತ್ತು ಮುಖ್ಯವಾದುದು. ನಾಲ್ಕು ದಿನ ಸುರಿದು ನಾಲ್ಕು ವಾರ ಕೈಕೊಡುವುದು ಇಲ್ಲಿ ಸಾಮಾನ್ಯ. ಮೇ ತಿಂಗಳಿನಲ್ಲಿ ಉಷ್ಣಾಂಶವು 42 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಎರೆಭೂಮಿ ಬಿರುಕುಬಿಟ್ಟು ಬಾಯ್ದೆರೆಯುತ್ತದೆ.

ಇಂತಹ ನೆಲದಲ್ಲಿ ಬೆಳೆ ತೆಗೆಯುವ ವಿಧಾನವನ್ನು ಇಲ್ಲಿನ ರೈತರು ತಲೆಮಾರುಗಳ ಅನುಭವದಿಂದ ರೂಪಿಸಿಕೊಂಡರು. ಆಳವಾದ ಎರೆಮಣ್ಣು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಮುಂಗಾರಿನಲ್ಲಿ ಹೊಲವನ್ನು ಬಿಡುವು ಬಿಟ್ಟು, ಕುಂಟೆಯಿಂದ ಮೇಲಿಂದ ಮೇಲೆ ಹರಗಿ, ಉತ್ತರೆ ಮತ್ತು ಹಸ್ತ ಮಳೆಗಳ ಹೊತ್ತಿಗೆ ಕೂರಿಗೆಯಿಂದ ಹಿಂಗಾರಿ ಜೋಳ ಬಿತ್ತುವುದು ರೂಢಿ. ಅನಂತರ ಮಳೆ ಬಾರದಿದ್ದರೂ ನೆಲದೊಳಗಿನ ತೇವದಿಂದಲೇ ಪೈರು ಬೆಳೆಯುತ್ತದೆ. ಎಡೆ ಹೊಡೆದು ಬಿರುಕುಗಳನ್ನು ಮುಚ್ಚಿದಲ್ಲಿ ತೇವ ಆರಿಹೋಗುವುದು ಕಡಿಮೆಯಾಗುತ್ತದೆ. ಜೋಳದ ಬೇರು ಒಂದು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬಲ್ಲದು. ಅದರ ಎಲೆಯ ಮೇಲೆ ಮೇಣದಂತಹ ಪದರವಿದ್ದು, ನೀರಿನ ಕೊರತೆಯಾದಾಗ ಎಲೆಯು ಸುರುಳಿಯಾಗಿ ತೇವವನ್ನು ಉಳಿಸಿಕೊಳ್ಳುತ್ತದೆ. ಜೋಳದೊಂದಿಗೆ ಕುಸುಬೆ, ಕಡಲೆ ಮೊದಲಾದವುಗಳನ್ನು ಅಕ್ಕಡಿಯಾಗಿ ಹಾಕುವುದರಿಂದ ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಹಕ್ಕಿಗಳಿಗೂ ಪಾಲು

ಶರಣಬಸವೇಶ್ವರರು ಜೋಳದ ಹೊಲವನ್ನು ಕಾಯುತ್ತಿದ್ದ ಬಗೆಯು ಜನಮನದಲ್ಲಿ ಅಚ್ಚಳಿಯದೆ ಉಳಿದಿದೆ. ತೆನೆ ಹಾಲುಗಟ್ಟಿದಾಗ ಕವಣೆ ಹಿಡಿದು ಹಕ್ಕಿಗಳನ್ನು ಓಡಿಸುವುದು ಎಲ್ಲ ರೈತರ ವಾಡಿಕೆ. ಶರಣರಾದರೋ ಹಕ್ಕಿಗಳನ್ನು ಓಡಿಸದೆ, ಅವು ಕಾಳು ತಿಂದು ದಣಿವಾರಿಸಿಕೊಳ್ಳಲೆಂದು ಹೊಲದಲ್ಲಿ ಕುಡಿಯುವ ನೀರನ್ನೂ ಇರಿಸುತ್ತಿದ್ದರೆಂಬ ಪ್ರತೀತಿಯಿದೆ. ಆದರೂ ಕಣದಲ್ಲಿ ರಾಶಿ ಕಡಿಮೆಯಾಗಲಿಲ್ಲವೆಂದು ಭಕ್ತರು ನಂಬುತ್ತಾರೆ.

ಈ ಪ್ರಸಂಗವನ್ನು ಪವಾಡವೆಂದು ಭಾವಿಸುವವರೂ ಉಂಟು. ಒಣಬೇಸಾಯದ ನಾಡಿನಲ್ಲಿ ನೀರು ಮತ್ತು ಕಾಳು ಎಷ್ಟು ದುರ್ಲಭವೆಂಬುದನ್ನು ನೆನೆದಾಗ ಇದರ ಅರ್ಥ ಇನ್ನೂ ಆಳವಾಗುತ್ತದೆ. ಇದ್ದುದರಲ್ಲಿಯೇ ಪಾಲು ಕೊಡುವುದು ಸಮೃದ್ಧಿಯ ನಾಡಿನಲ್ಲಿ ಸುಲಭ. ಕೊರತೆಯ ನಾಡಿನಲ್ಲಿ ಅದು ಕಠಿಣವಾದ ವ್ರತ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಭೂತಾಯಿಗೆ ಎಡೆ ಅರ್ಪಿಸಿ, ಬಂದವರೊಡನೆ ಕೂಡಿ ಉಣ್ಣುವ ಪದ್ಧತಿ ಈ ಭಾಗದಲ್ಲಿ ಇಂದಿಗೂ ಇದೆ. ಬೆಳೆ ಎಂಬುದು ಬಿತ್ತಿದವನೊಬ್ಬನದೇ ಅಲ್ಲವೆಂಬ ಭಾವನೆಯು ಇದರಲ್ಲಿಯೂ ಕಂಡುಬರುತ್ತದೆ.

ಬರಗಾಲ ಮತ್ತು ದಾಸೋಹ

ಶರಣರ ಜೀವಿತಾವಧಿಯಲ್ಲಿಯೇ ದಖ್ಖನ್ ಪ್ರದೇಶವು ಭೀಕರ ಬರಗಾಲವನ್ನು ಕಂಡಿತು. 1791–92ರ ಬರವು ಡೋಗಿ ಬರವೆಂದು ಹೆಸರಾಗಿದೆ. ಸತ್ತವರನ್ನು ಮಣ್ಣು ಮಾಡಲು ಜನರಿಲ್ಲದೆ ಬಯಲಿನಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂಬ ಕಾರಣಕ್ಕೆ ಆ ಹೆಸರು ಬಂದಿತು. ಆಗ ಶರಣರಿಗೆ ಸುಮಾರು 45 ವರ್ಷ ವಯಸ್ಸು. ರೈಲುಮಾರ್ಗಗಳಿಲ್ಲದ ಆ ಕಾಲದಲ್ಲಿ ದೂರದಿಂದ ಧಾನ್ಯ ತರಿಸುವುದು ಬಹಳ ದುಸ್ತರವಾಗಿತ್ತು. ಊರಿನಲ್ಲಿ ಕೂಡಿಟ್ಟ ಕಾಳೇ ಊರಿನ ಜೀವವಾಗಿತ್ತು.

ಕಾಳನ್ನು ಕೂಡಿಡಲು ಈ ಭಾಗದ ಜನರು ಹಗೇವುಗಳನ್ನು ಬಳಸುತ್ತಿದ್ದರು. ನೆಲದೊಳಗೆ ತೋಡಿದ ಈ ಕಣಜದ ಒಳಮೈಗೆ ಒಣ ಹುಲ್ಲು, ಕಣಕಿ ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಲಾಗುತ್ತಿತ್ತು. ಒಳಗೆ ಗಾಳಿಯಾಡದ ಕಾರಣ ಹುಳುಗಳು ಬದುಕುತ್ತಿರಲಿಲ್ಲ. ಧಾನ್ಯವು ಕೆಲವು ವರ್ಷಗಳವರೆಗೆ ಕೆಡದೆ ಉಳಿಯುತ್ತಿತ್ತು. ತುಂಬಿದ ಹಗೇವು ಇದ್ದ ಮನೆಯ ಮುಂದೆ ಎರಡು ದಾರಿಗಳಿದ್ದವು: ಬೆಲೆ ಏರುವವರೆಗೆ ಕಾಯುವುದು ಅಥವಾ ಹಸಿದವರಿಗಾಗಿ ಬಾಯಿ ತೆರೆಯುವುದು. ಶರಣರು ಎರಡನೆಯ ದಾರಿಯನ್ನು ಹಿಡಿದರು. ಜಾತಿ ಮತಗಳ ಭೇದವೆಣಿಸದೆ ಬಂದವರೆಲ್ಲರಿಗೂ ಅನ್ನ ನೀಡಿದವರೆಂದು ಅವರು ಪ್ರಸಿದ್ಧರಾಗಿದ್ದಾರೆ.

ಕಲಬುರಗಿಯಲ್ಲಿ

ಮುಂದೆ ಶರಣರು ಅರಳಗುಂಡಗಿಯನ್ನು ಬಿಟ್ಟು ಕಲಬುರಗಿಗೆ ಬಂದು ನೆಲೆಸಿ, ಅಲ್ಲಿಯೂ ದಾಸೋಹವನ್ನು ಮುಂದುವರಿಸಿದರು. 1822ರಲ್ಲಿ ಅವರು ಲಿಂಗೈಕ್ಯರಾದರು. ಅವರ ಗದ್ದುಗೆಯಿರುವ ಶ್ರೀ ಶರಣಬಸವೇಶ್ವರ ದೇವಾಲಯವು ಕಲಬುರಗಿ ನಗರದ ಪ್ರಮುಖ ಶ್ರದ್ಧಾಕೇಂದ್ರವಾಗಿದೆ. ಪ್ರತಿವರ್ಷ ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ಇಲ್ಲಿ ರಥೋತ್ಸವ ಜರುಗುತ್ತದೆ. ಹಿಂಗಾರಿ ಜೋಳದ ರಾಶಿ ಮುಗಿದು ಬೇಸಿಗೆ ಕಾಲಿಡುವ ಈ ಸಮಯದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮುಂತಾದ ಕಡೆಗಳಿಂದ ರೈತಾಪಿ ಜನರು ಅಪಾರ ಸಂಖ್ಯೆಯಲ್ಲಿ ಬಂದು ಸೇರುತ್ತಾರೆ.

ಇಂದಿನ ಪ್ರಸ್ತುತತೆ

ಇಂದು ಅಫಜಲಪುರ ತಾಲ್ಲೂಕಿನ ಸೊನ್ನ ಬಳಿ ಭೀಮಾ ನದಿಗೆ ಬ್ಯಾರೇಜ್ ಇದೆ. ಆಳಂದ ತಾಲ್ಲೂಕಿನಲ್ಲಿ ಅಮರ್ಜಾ ಜಲಾಶಯವಿದೆ. ಜೇವರ್ಗಿ ಭಾಗಕ್ಕೆ ಕೃಷ್ಣಾ ಮೇಲ್ದಂಡೆ ಯೋಜನೆಯ ಶಾಖಾ ಕಾಲುವೆಯಿಂದ ನೀರು ಹರಿಯುತ್ತದೆ. ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತಿದೆ. ಹೀಗಿದ್ದರೂ ಬಹಳಷ್ಟು ಹೊಲಗಳು ಇನ್ನೂ ಮುಗಿಲನ್ನೇ ನೋಡುತ್ತವೆ. ಜೋಳದ ಜಾಗವನ್ನು ತೊಗರಿಯೊಂದೇ ಆವರಿಸಿದಲ್ಲಿ, ನೆಟೆ ರೋಗ ಬಂದ ವರ್ಷ ರೈತನಿಗೆ ಬೇರೆ ಆಸರೆ ಉಳಿಯುವುದಿಲ್ಲ. ಮನೆಗೆ ಕಾಳು, ದನಕ್ಕೆ ಕಣಕಿ ನೀಡುತ್ತಿದ್ದ ಜೋಳ ಹಾಗೂ ಅಕ್ಕಡಿ ಬೆಳೆಗಳ ಮಹತ್ವವನ್ನು ಆಗ ಜನರು ಮತ್ತೆ ನೆನೆಯುತ್ತಾರೆ.

ಒಡ್ಡು ಹಾಕಿ ನೀರು ಇಂಗಿಸುವುದು, ಕೃಷಿ ಹೊಂಡ ತೋಡುವುದು, ಬೀಜವನ್ನು ಕಾಪಿಡುವುದು ಇವೆಲ್ಲವೂ ಇಂದಿನ ಬರ ನಿರ್ವಹಣೆಯ ಕ್ರಮಗಳಾಗಿವೆ. ಮಳೆ ಬಿದ್ದಾಗ ನೆಲ ತೇವವನ್ನು ಹಿಡಿದಿಟ್ಟು, ಬಿಸಿಲು ಬಂದಾಗ ಪೈರಿಗೆ ಕೊಡುತ್ತದೆ. ಶರಣರೂ ಸುಗ್ಗಿಯಲ್ಲಿ ಕೂಡಿಟ್ಟು ಹಸಿವಿನ ಹೊತ್ತಿನಲ್ಲಿ ಕೊಟ್ಟರು. ಎರೆಭೂಮಿಯ ಈ ಗುಣವನ್ನು ತಮ್ಮ ಬಾಳಿನ ಗುಣವಾಗಿ ಮಾಡಿಕೊಂಡುದರಿಂದಲೇ ಎರಡು ಶತಮಾನಗಳ ನಂತರವೂ ಈ ನಾಡಿನ ರೈತರು ಅವರನ್ನು ತಮ್ಮವರೆಂದು ಸ್ಮರಿಸುತ್ತಾರೆ.