ಫರ್ಡಿನಂಡ್ ಕಿಟೆಲ್

ಫರ್ಡಿನಂಡ್ ಕಿಟೆಲ್ (1832–1903) ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃವೆಂದು ಪ್ರಸಿದ್ಧರಾದ ಜರ್ಮನ್ ಮಿಷನರಿ ಹಾಗೂ ಕನ್ನಡ ವಿದ್ವಾಂಸರು. ಹಳಗನ್ನಡ ಗ್ರಂಥಗಳ ಸಂಪಾದನೆ, ಛಂದಸ್ಸು ಮತ್ತು ವ್ಯಾಕರಣಗಳ ಅಧ್ಯಯನದಲ್ಲಿಯೂ ಅವರು ಮಹತ್ತ್ವದ ಕಾರ್ಯ ಮಾಡಿದ್ದಾರೆ.

ಜನನ ಮತ್ತು ಶಿಕ್ಷಣ

ಕಿಟೆಲ್ 1832ರ ಏಪ್ರಿಲ್ 7ರಂದು ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು ಮತ್ತು ಕೊಡಗಿನಲ್ಲಿ ಸೇವೆ ಸಲ್ಲಿಸಿದರು. ಧರ್ಮಪ್ರಚಾರಕ್ಕಿಂತಲೂ ಜನರ ಭಾಷೆ, ಗಾದೆ ಹಾಗೂ ಕಾವ್ಯಗಳ ಕಡೆಗೆ ಅವರ ಮನಸ್ಸು ಹೆಚ್ಚಾಗಿ ಒಲಿಯಿತು.

ಗ್ರಂಥ ಸಂಪಾದನೆ

ಕನ್ನಡ ಛಂದಸ್ಸಿನಲ್ಲಿ ಕ್ರಿಸ್ತನ ಚರಿತ್ರೆಯನ್ನು ಹೇಳುವ 'ಕಥಾಮಾಲೆ'ಯನ್ನು ರಚಿಸಿದ ಕಿಟೆಲ್, ಬಳಿಕ ಪ್ರಾಚೀನ ಶಾಸ್ತ್ರಗ್ರಂಥಗಳತ್ತ ತಿರುಗಿದರು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿಯೂ ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿಯೂ ಪ್ರಕಟಿಸಿದರು. ಎರಡನೆಯದರೊಂದಿಗೆ ಕನ್ನಡ ಸಾಹಿತ್ಯವನ್ನು ಕುರಿತ ಪ್ರಬಂಧವನ್ನೂ ಸೇರಿಸಿದರು. ಮೂಲಪಾಠವನ್ನಷ್ಟೇ ಅಚ್ಚುಹಾಕಿದರೆ ಓದುಗನಿಗೆ ಅದು ದಕ್ಕುವುದಿಲ್ಲ, ಕವಿ ಮತ್ತು ಕಾಲದ ಪರಿಚಯವೂ ಜೊತೆಗಿರಬೇಕು ಎಂಬ ಕ್ರಮ ಇಲ್ಲಿ ಕಾಣುತ್ತದೆ.

ನಿಘಂಟು

ಕಿಟೆಲ್‌ರಿಗಿಂತ ಮೊದಲು ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ್ದರು. ಹಳೆಯ ಕಾವ್ಯಗಳನ್ನು ಓದಲು ಅದು ಸಾಲದಾಗಿತ್ತು. 1877ರಲ್ಲಿ ಜರ್ಮನಿಗೆ ಮರಳಿದ್ದ ಕಿಟೆಲ್, ನಿಘಂಟಿನ ಕೆಲಸಕ್ಕಾಗಿಯೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ದಶಕಗಳ ಪರಿಶ್ರಮದ ಫಲವಾದ ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು.

ರಚನಾಕ್ರಮ

ಗ್ರಂಥವನ್ನು ಅಕಾರಾದಿಯಾಗಿ ಜೋಡಿಸಲಾಗಿದೆ. ಪ್ರತಿಯೊಂದು ಶಬ್ದವೂ ಅಚ್ಚಗನ್ನಡವೇ, ಸಂಸ್ಕೃತವೇ, ತದ್ಭವವೇ ಅಥವಾ ಅನ್ಯದೇಶ್ಯವೇ ಎಂಬುದನ್ನು ಸಂಕೇತಾಕ್ಷರಗಳು ತಿಳಿಸುತ್ತವೆ. ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಜ್ಞಾತಿಪದಗಳನ್ನು ಕೊಡಲಾಗಿದೆ. ಅರ್ಥಕ್ಕೆ ಆಧಾರವಾಗಿ ಕಾವ್ಯಪ್ರಯೋಗಗಳೂ ಗಾದೆಗಳೂ ಬರುತ್ತವೆ. ಹೊಸಗನ್ನಡದ 'ಹಾಲು' ಹಳಗನ್ನಡದಲ್ಲಿ 'ಪಾಲ್' ಆಗಿರುವಂಥ ಕಡೆಗಳಲ್ಲಿ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಸೂಚನೆಯಿರುತ್ತದೆ. ಆದ್ದರಿಂದ ಮನೆಮಾತಿನ ಕನ್ನಡ ಬಲ್ಲವನು ಹಳಗನ್ನಡ ಪದ್ಯದ ಶಬ್ದವನ್ನು ತನ್ನ ಪರಿಚಿತ ಶಬ್ದದೊಂದಿಗೆ ಹೊಂದಿಸಿಕೊಂಡು ಅರ್ಥಮಾಡಿಕೊಳ್ಳಬಹುದು. ಪೀಠಿಕೆ ಮತ್ತು ಸಂಕೇತಗಳ ಪಟ್ಟಿಯನ್ನು ಮೊದಲು ಓದಿಕೊಂಡವರಿಗೆ ಈ ಗ್ರಂಥ ಪೂರ್ಣವಾಗಿ ಒದಗುತ್ತದೆ. ಪೀಠಿಕೆಯಲ್ಲಿ, ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಪಡೆದಿರಬಹುದಾದ ಶಬ್ದಗಳ ಪಟ್ಟಿಯೂ ಇದೆ.

ಮಿತಿಗಳು

'ಕವಿರಾಜಮಾರ್ಗ' ಮತ್ತು ಪಂಪನ 'ವಿಕ್ರಮಾರ್ಜುನ ವಿಜಯ' ಅಚ್ಚಾದುದು 1898ರಲ್ಲಿ. ಇಂಥ ಮುದ್ರಿತ ಆಕರಗಳು ದೊರೆಯುವ ಮೊದಲೇ ನಿಘಂಟು ಸಿದ್ಧವಾದುದರಿಂದ ಅನೇಕ ಪ್ರಾಚೀನ ಶಬ್ದಗಳು ಅದರಲ್ಲಿ ಸೇರಲಿಲ್ಲ.

ಕೊನೆಯ ವರ್ಷಗಳು

1892ರಲ್ಲಿ ಜರ್ಮನಿಗೆ ಹಿಂದಿರುಗಿದ ಕಿಟೆಲ್ ಟ್ಯೂಬಿಂಗೆನ್‌ನಲ್ಲಿ ನೆಲೆಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ನಿಧನರಾದರು.

ಪ್ರಭಾವ ಮತ್ತು ಸ್ಮರಣೆ

ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಬಂದ ಮೇಲೂ ಕಿಟೆಲ್ ಕೋಶದ ಬಳಕೆ ನಿಂತಿಲ್ಲ. ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ.